ಕಾವಲುಗಾರನಿಗೊಂದು ಕಾವಲು



ಬದನೆಕಾಯಿಯನ್ನು ಹೆಚ್ಚಿದ ಕೂಡಲೇ ನೀರಿನಲ್ಲಿ ಹಾಕಿಡುವುದು ನಮ್ಮ ಅಡುಗೆಮನೆಗಳ ಹಳೆಯ ರೂಢಿ. ಹಾಗೆ ಮಾಡದೆ ಹೋಳುಗಳನ್ನು ತಟ್ಟೆಯಲ್ಲೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅವು ಕಂದುಬಣ್ಣಕ್ಕೆ ತಿರುಗುತ್ತವೆ. ಇದಕ್ಕೆ ಕಾರಣವೇನು? ಬದನೆಕಾಯಿಯ ಜೀವಕೋಶಗಳಲ್ಲಿ ಕ್ಲೋರೊಜೆನಿಕ್ ಆಮ್ಲ ಎಂಬ ಪದಾರ್ಥವಿದೆ. ಅದೇ ಕೋಶದ ಇನ್ನೊಂದು ಭಾಗದಲ್ಲಿ, ಅದಕ್ಕೆ ತಾಗದಂತೆ, ಒಂದು ಕಿಣ್ವವಿದೆ. ಕತ್ತಿ ತಗುಲಿ ಕೋಶ ಒಡೆದಾಗ ಇವೆರಡೂ ಒಂದನ್ನೊಂದು ಸಂಧಿಸುತ್ತವೆ. ಗಾಳಿಯ ಆಮ್ಲಜನಕವೂ ಜೊತೆಗೂಡುತ್ತದೆ. ಕ್ಲೋರೊಜೆನಿಕ್ ಆಮ್ಲ ಉತ್ಕರ್ಷಣೆಗೊಂಡು ಕಂದುಬಣ್ಣದ ವಸ್ತುವಾಗುತ್ತದೆ. ನೀರು ಗಾಳಿಯನ್ನು ತಡೆಯುವುದರಿಂದ ಈ ಕ್ರಿಯೆ ನಿಧಾನವಾಗುತ್ತದೆ.

ಹೆಸರು ಕೇಳಿ ಇದರಲ್ಲಿ ಕ್ಲೋರಿನ್ ಇದೆಯೆಂದು ತಿಳಿಯಬೇಡಿ. ಇಲ್ಲಿ 'ಕ್ಲೋರೊ' ಎಂದರೆ ಗ್ರೀಕ್ ಭಾಷೆಯ ಹಸಿರು ಎಂಬ ಅರ್ಥದ ಪದ. ಕೊಡಗು, ಚಿಕ್ಕಮಗಳೂರುಗಳ ತೋಟದಿಂದ ಬರುವ ಹಸಿ ಕಾಫಿ ಬೀಜದಲ್ಲಿಯೂ ಇದು ಧಾರಾಳವಾಗಿದೆ. ಚಹಾದ ಕೆಟೆಚಿನ್, ಅರಿಶಿನದ ಕರ್ಕ್ಯುಮಿನ್, ನೇರಳೆ ಹಣ್ಣಿಗೆ ಬಣ್ಣ ಕೊಡುವ ಆಂಥೋಸಯನಿನ್ ಇವೆಲ್ಲ ಇದರ ಬಂಧುಗಳು. ಒಟ್ಟಾಗಿ ಇವನ್ನು ಪಾಲಿಫಿನಾಲ್‌ಗಳು ಎನ್ನುತ್ತಾರೆ. ಇವುಗಳಿಗೆ ಇನ್ನೊಂದು ಹೆಸರೂ ಉಂಟು: ಉತ್ಕರ್ಷಣ ನಿರೋಧಕಗಳು, ಅಂದರೆ ಜಾಹೀರಾತುಗಳಲ್ಲಿ ನೀವು ಮತ್ತೆ ಮತ್ತೆ ಕೇಳುವ ಆಂಟಿಆಕ್ಸಿಡೆಂಟ್‌ಗಳು.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಉತ್ಕರ್ಷಣೆಯನ್ನು ತಡೆಯಬೇಕಾದ ವಸ್ತುವೇ ನಮ್ಮ ಕಣ್ಣೆದುರು ಉತ್ಕರ್ಷಣೆಗೆ ತುತ್ತಾಯಿತು! ಇದು ಅದರ ದೋಷವಲ್ಲ, ಅದರ ಕೆಲಸದ ರೀತಿಯೇ ಹಾಗೆ. ಬಹಳ ದಿನ ತೆರೆದಿಟ್ಟ ಎಣ್ಣೆ ಕಮಟುತ್ತದೆ. ಆಗ ಅಲ್ಲಿ ನಡೆಯುವುದು ಒಂದು ಸರಪಳಿ ಕ್ರಿಯೆ. ಒಂಟಿ ಎಲೆಕ್ಟ್ರಾನನ್ನು ಹೊತ್ತ ಮುಕ್ತ ರ‍್ಯಾಡಿಕಲ್ ಎಂಬ ಚಂಚಲ ಕಣವೊಂದು ಪಕ್ಕದ ಅಣುವಿನಿಂದ ಹೈಡ್ರೋಜನ್ ಪರಮಾಣುವನ್ನು ಕಸಿದುಕೊಳ್ಳುತ್ತದೆ. ಕಳೆದುಕೊಂಡ ಅಣು ತಾನೇ ರ‍್ಯಾಡಿಕಲ್ ಆಗಿ ಮುಂದಿನದನ್ನು ಹಿಡಿಯುತ್ತದೆ. ಪಾಲಿಫಿನಾಲ್ ನಡುವೆ ಬಂದು ತನ್ನ ಹೈಡ್ರೋಜನನ್ನೇ ಕೊಟ್ಟುಬಿಡುತ್ತದೆ. ಕೊಟ್ಟ ಮೇಲೆ ಅದೂ ರ‍್ಯಾಡಿಕಲ್ಲೇ. ಆದರೆ ಆ ಒಂಟಿ ಎಲೆಕ್ಟ್ರಾನು ಬೆಂಜೀನ್ ಉಂಗುರದಲ್ಲಿ ಹಂಚಿಹೋಗುವುದರಿಂದ ಅದು ಶಾಂತವಾಗಿರುತ್ತದೆ, ಮತ್ತೊಬ್ಬರ ತಂಟೆಗೆ ಹೋಗುವುದಿಲ್ಲ. ಸರಪಳಿ ಅಲ್ಲಿಗೆ ತುಂಡಾಗುತ್ತದೆ. ತಾನು ಸವೆದು ಇತರರನ್ನು ಉಳಿಸುವ ಕಾವಲುಗಾರ ಇದು.

ಆದುದರಿಂದ ಒಂದು ಪ್ರಶ್ನೆ ಏಳುತ್ತದೆ. ಈ ಕಾವಲುಗಾರ ಕೆಲಸಕ್ಕೆ ಮೊದಲೇ ಸವೆದುಹೋದರೆ? ಗಿಡದಿಂದ ತೆಗೆದ ಸಾರವನ್ನು ಬಾಟಲಿಯಲ್ಲಿಟ್ಟರೆ ಬೆಳಕು, ಶಾಖ, ಗಾಳಿ, ಕಬ್ಬಿಣ ತಾಮ್ರಗಳ ಅಯಾನುಗಳು ಇವೆಲ್ಲವೂ ಅದನ್ನು ಕೆಡಿಸುತ್ತವೆ. ಹಾಗಾದರೆ ಕಾವಲುಗಾರನಿಗೂ ಒಂದು ಕಾವಲು ಬೇಕು. ಆ ಕಾವಲು ಅದನ್ನು ಉಳಿಸಬೇಕು, ಬೇಕಾದ ಜಾಗದಲ್ಲಿ ಹೊರಗೂ ಬಿಡಬೇಕು. ಈ ಉದ್ದೇಶದಿಂದ ಸಾರವನ್ನು ಬೇರೊಂದು ವಸ್ತುವಿನೊಳಗೆ ಹುದುಗಿಸುವ ವಿದ್ಯೆಯೇ ಸಂಪುಟೀಕರಣ. ಅದರ ಒಂದು ಸರಳ ರೂಪವನ್ನು, ಕಡಲಕಳೆಯ ಅಂಟು ಮತ್ತು ಪಿಷ್ಟ ಸೇರಿಸಿ ಮಾಡುವ ಪುಟ್ಟ ಮಣಿಗಳ ಸಂಗತಿಯನ್ನು, ಇಂದು ನೋಡೋಣ.

ಮೊದಲು ಹೈಡ್ರೋಜೆಲ್ ಎಂದರೇನು ಎಂಬುದನ್ನು ತಿಳಿಯೋಣ. ಬೇಸಿಗೆಯಲ್ಲಿ ಕಾಮಕಸ್ತೂರಿ ಬೀಜವನ್ನು ನೀರಿನಲ್ಲಿ ನೆನೆಸಿ ಕುಡಿಯುವುದು ನಿಮಗೆ ಗೊತ್ತಿರಬಹುದು. ನೆನೆದ ಬೀಜದ ಸುತ್ತ ಒಂದು ಪಾರದರ್ಶಕ ಲೋಳೆ ನಿಲ್ಲುತ್ತದೆ. ಅದರಲ್ಲಿ ಬಹುಪಾಲು ನೀರೇ. ಆದರೂ ಅದು ಹರಿದು ಹೋಗುವುದಿಲ್ಲ, ಏಕೆಂದರೆ ಉದ್ದುದ್ದನೆಯ ಸಕ್ಕರೆ ಸರಪಳಿಗಳು ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿವೆ. ಹೀಗೆ ಬಲೆಯೊಳಗೆ ನಿಂತ ನೀರೇ ಹೈಡ್ರೋಜೆಲ್.

ನಮ್ಮ ಮಣಿಯ ಬಲೆಯನ್ನು ಹೆಣೆಯುವುದು ಆಲ್ಜಿನೇಟ್. ಸಮುದ್ರದ ಕಂದು ಪಾಚಿಗಳ ಕೋಶಭಿತ್ತಿಯಲ್ಲಿ ಇದು ಸಿಗುತ್ತದೆ. 1881ರಲ್ಲಿ ಬ್ರಿಟನ್ನಿನ ರಸಾಯನವಿಜ್ಞಾನಿ ಎಡ್ವರ್ಡ್ ಸ್ಟ್ಯಾನ್‌ಫರ್ಡ್ ಇದನ್ನು ಪಾಚಿಯಿಂದ ಬೇರ್ಪಡಿಸುವ ವಿಧಾನವನ್ನು ವಿವರಿಸಿದ. 1940ರ ದಶಕದಲ್ಲಿ ಇದರಿಂದ ಕೃತಕ ಚೆರ್ರಿ ಹಣ್ಣುಗಳನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟ್ ದೊರೆಯಿತು. ನಮ್ಮ ದೇಶದಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿಯ ದಡದಲ್ಲಿ ಸರ್ಗಾಸಂ, ಟರ್ಬಿನೇರಿಯ ಎಂಬ ಕಂದು ಪಾಚಿಗಳಿಂದ ಆಲ್ಜಿನೇಟ್ ತೆಗೆಯುತ್ತಾರೆ.

ಆಲ್ಜಿನೇಟ್ ಸರಪಳಿಯಲ್ಲಿ ಎರಡು ಬಗೆಯ ಕೊಂಡಿಗಳಿವೆ: ಮ್ಯಾನ್ಯುರಾನಿಕ್ ಆಮ್ಲ ಮತ್ತು ಗುಲ್ಯುರಾನಿಕ್ ಆಮ್ಲ. ಸೋಡಿಯಂ ಲವಣದ ರೂಪದಲ್ಲಿ ಇದು ನೀರಿನಲ್ಲಿ ಕರಗಿ ಗಂಜಿಯಂತೆ ಮಂದವಾಗುತ್ತದೆ. ಅದಕ್ಕೆ ಕ್ಯಾಲ್ಸಿಯಂ ತಾಗಿದರೆ ಸಾಕು, ಆ ಕ್ಷಣವೇ ಗಟ್ಟಿಯಾಗುತ್ತದೆ. ಏಕೆ? ಸೋಡಿಯಂ ಅಯಾನಿಗೆ ಒಂದೇ ಆವೇಶ. ಅದು ಒಂದು ಸರಪಳಿಯನ್ನು ಮಾತ್ರ ಹಿಡಿಯಬಲ್ಲದು. ಕ್ಯಾಲ್ಸಿಯಂಗೆ ಎರಡು, ಅದು ಎರಡು ಸರಪಳಿಗಳನ್ನು ಸೇರಿಸಿ ಕಟ್ಟುತ್ತದೆ. ಅದರಲ್ಲೂ ಗುಲ್ಯುರಾನಿಕ್ ಕೊಂಡಿಗಳು ಸಾಲಾಗಿ ಬಂದಲ್ಲಿ ಸರಪಳಿ ಅಂಕುಡೊಂಕಾಗಿ ಬಾಗಿ, ಅಲ್ಲಲ್ಲಿ ಗುಳಿಗಳುಂಟಾಗುತ್ತವೆ. ಅಂಗಡಿಯಲ್ಲಿ ಮೊಟ್ಟೆ ಜೋಡಿಸಿಡುವ ರಟ್ಟಿನ ತಟ್ಟೆಯನ್ನು ನೆನಪಿಸಿಕೊಳ್ಳಿ. ಅಂತಹ ಎರಡು ತಟ್ಟೆಗಳನ್ನು ಎದುರುಬದುರಾಗಿ ಇಟ್ಟರೆ ನಡುವಿನ ಗುಳಿಗಳಲ್ಲಿ ಮೊಟ್ಟೆಗಳು ಭದ್ರವಾಗಿ ಕೂರುತ್ತವೆ. ಇಲ್ಲಿ ತಟ್ಟೆಗಳು ಆಲ್ಜಿನೇಟ್ ಸರಪಳಿಗಳು, ಮೊಟ್ಟೆಗಳು ಕ್ಯಾಲ್ಸಿಯಂ ಅಯಾನುಗಳು. 1973ರಲ್ಲಿ ಡೇವಿಡ್ ರೀಸ್ ಮತ್ತು ಸಂಗಡಿಗರು ಮಂಡಿಸಿದ ಈ ವಿವರಣೆಗೆ 'ಮೊಟ್ಟೆಪೆಟ್ಟಿಗೆ ಮಾದರಿ' ಎಂದೇ ಹೆಸರು.

ಮಣಿ ಮಾಡುವ ಕ್ರಮ ಬಹಳ ಸುಲಭ. ನೂರು ಮಿಲಿಲೀಟರ್ ನೀರಿನಲ್ಲಿ ಸುಮಾರು ಎರಡು ಗ್ರಾಂ ಸೋಡಿಯಂ ಆಲ್ಜಿನೇಟ್ ಕರಗಿಸಿ, ಸಸ್ಯದ ಸಾರವನ್ನು ಬೆರೆಸುತ್ತಾರೆ. ಇನ್ನೊಂದು ಬೀಕರಿನಲ್ಲಿ ನೂರು ಮಿಲಿಲೀಟರ್ ನೀರಿಗೆ ಸುಮಾರು ಒಂದು ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್. ಮೊದಲನೆಯದನ್ನು ಸಿರಿಂಜಿನಿಂದ ಎರಡನೆಯದಕ್ಕೆ ಹನಿಹನಿಯಾಗಿ ಬಿಟ್ಟರೆ ಪ್ರತಿಯೊಂದು ಹನಿಯೂ ನೆನೆದ ಸಬ್ಬಕ್ಕಿಯಂತೆ ಒಂದು ದುಂಡು ಮಣಿಯಾಗುತ್ತದೆ. ಒಲೆ ಬೇಡ, ಬಿಸಿ ಬೇಡ. ಶಾಖಕ್ಕೆ ಕೆಡುವ ವಸ್ತುಗಳಿಗೆ ಇದು ದೊಡ್ಡ ಅನುಕೂಲ.

ಇಷ್ಟು ಕೇಳಿದರೆ ಸಮಸ್ಯೆ ಬಗೆಹರಿಯಿತು ಎನಿಸುತ್ತದೆ. ಆದರೆ ನಿಜವಾದ ತೊಡಕು ಇರುವುದು ಇಲ್ಲಿಯೇ. ನಾವು ಕಟ್ಟಿದ್ದು ಗೋಡೆಯನ್ನಲ್ಲ, ಬಲೆಯನ್ನು. ಆ ಬಲೆಯ ಕಣ್ಣುಗಳು ಹಲವು ನ್ಯಾನೊಮೀಟರ್ ಅಗಲ. ಕ್ಲೋರೊಜೆನಿಕ್ ಆಮ್ಲದ ಅಣು ಸುಮಾರು ಒಂದು ನ್ಯಾನೊಮೀಟರ್ ಮಾತ್ರ. ಬಲೆಯ ಕಣ್ಣು ದೊಡ್ಡದು, ಮೀನು ಸಣ್ಣದು! ಮಣಿ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ದ್ರಾವಣದಲ್ಲಿ ಬಿಟ್ಟ ಹೊತ್ತಿನಲ್ಲೇ ಒಳಗಿನ ಸಾರ ಹೊರಗೆ ಸೋರತೊಡಗುತ್ತದೆ, ಅದೂ ನಿಮಿಷಗಳ ಲೆಕ್ಕದಲ್ಲಿ. ಗಾತ್ರದ ಲೆಕ್ಕವನ್ನೂ ಗಮನಿಸಿ. ವಿಸರಣೆಗೆ ಬೇಕಾಗುವ ಕಾಲ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮೂರು ಮಿಲಿಮೀಟರ್ ವ್ಯಾಸದ ಮಣಿಯನ್ನು ಒಂದು ಮಿಲಿಮೀಟರಿಗೆ ಇಳಿಸಿದರೆ ಸೋರಿಕೆ ಮೂರು ಪಟ್ಟಲ್ಲ, ಒಂಬತ್ತು ಪಟ್ಟು ಬೇಗ ಆಗುತ್ತದೆ.

ಎಷ್ಟು ಉಳಿಯಿತೆಂದು ಅಳೆಯುವುದು ಹೇಗೆ? ಒಂದು ಉದಾಹರಣೆ ತೆಗೆದುಕೊಳ್ಳೋಣ. ನಾವು ಹಾಕಿದ್ದು ನೂರು ಮಿಲಿಗ್ರಾಂ ಪಾಲಿಫಿನಾಲ್. ಮಣಿಗಳನ್ನು ಸೋಸಿ ತೆಗೆದ ಮೇಲೆ ದ್ರಾವಣದಲ್ಲಿ ನಲವತ್ತು ಮಿಲಿಗ್ರಾಂ ಸಿಕ್ಕಿತು ಎನ್ನಿ. ಆಗ ಮಣಿಯಲ್ಲಿ ಉಳಿದದ್ದು ಅರವತ್ತು, ಅಂದರೆ ಸಂಪುಟೀಕರಣದ ದಕ್ಷತೆ ಶೇಕಡಾ 60. ಇದರಲ್ಲಿ ಒಂದು ಎಚ್ಚರವಿರಲಿ. ಉಳಿದ ಅರವತ್ತೂ ಕೆಲಸ ಮಾಡುವ ಸ್ಥಿತಿಯಲ್ಲಿದೆ ಎಂದು ಈ ಲೆಕ್ಕ ಹೇಳುವುದಿಲ್ಲ. ಅದನ್ನು ಬೇರೆಯಾಗಿ ಪರೀಕ್ಷಿಸಬೇಕು. ಅದಕ್ಕೆಂದು ಡಿಪಿಪಿಎಚ್ ಎಂಬ ಸ್ಥಿರವಾದ ರ‍್ಯಾಡಿಕಲನ್ನು ಬಳಸುತ್ತಾರೆ. ಅದರ ದ್ರಾವಣ ಕಡು ನೇರಳೆ. ಉತ್ಕರ್ಷಣ ನಿರೋಧಕ ಅದಕ್ಕೆ ಹೈಡ್ರೋಜನ್ ಕೊಟ್ಟಂತೆ ಬಣ್ಣ ಹಳದಿಗೆ ತಿರುಗುತ್ತದೆ. ಬಣ್ಣ ಎಷ್ಟು ಇಳಿಯಿತೆಂಬುದನ್ನು 517 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯುತ್ತಾರೆ.

ಈಗ ಪಿಷ್ಟದ ಪಾತ್ರ. ಅರ್ಜೆಂಟೀನಾ ದೇಶದಲ್ಲಿ ನಮ್ಮ ಚಹಾದಂತೆ ಜನ ದಿನವೂ ಕುಡಿಯುವ ಪಾನೀಯ ಮಾಟೆ. ಅದು ಒಂದು ನಿತ್ಯಹಸಿರು ಮರದ ಎಲೆಯ ಕಷಾಯ. ಒಣಗಿದ ಸೋರೆಬುರುಡೆಯಲ್ಲಿ ಎಲೆ ಹಾಕಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯಿಂದ ಹೀರುತ್ತಾರೆ. ಆ ಎಲೆಯಲ್ಲಿಯೂ ಕ್ಲೋರೊಜೆನಿಕ್ ಆಮ್ಲದ ಬಳಗ ಹೇರಳವಾಗಿದೆ. ಅಲ್ಲಿನ ಲಾ ಪ್ಲಾಟಾ ನಗರದ ಆಹಾರ ವಿಜ್ಞಾನಿಗಳು ಮಾಟೆಯ ಸಾರವನ್ನು ಆಲ್ಜಿನೇಟ್ ಮಣಿಗಳಲ್ಲಿ ಹುದುಗಿಸಿ, 2008ರಿಂದ ಈಚೆಗೆ ಹಲವು ಲೇಖನಗಳನ್ನು ಪ್ರಕಟಿಸಿದ್ದಾರೆ. 2013ರ ಒಂದು ಅಧ್ಯಯನದಲ್ಲಿ ಅವರು ಮುಸುಕಿನ ಜೋಳದ ಪಿಷ್ಟವನ್ನು ಮಣಿಯೊಳಗೆ ಸೇರಿಸಿ ನೋಡಿದರು. ಸೇರಿಸಿದಾಗ ಮಣಿ ಹೆಚ್ಚು ಸಾರವನ್ನು ಹಿಡಿದಿಟ್ಟುಕೊಂಡಿತು.

ಇದು ಹೇಗೆ ಸಾಧ್ಯ? ಹಸಿ ಪಿಷ್ಟ ತಣ್ಣೀರಿನಲ್ಲಿ ಕರಗುವುದಿಲ್ಲ. ಮುಸುಕಿನ ಜೋಳದ ಪಿಷ್ಟವಾದರೆ ಸುಮಾರು ಐದರಿಂದ ಇಪ್ಪತ್ತೈದು ಮೈಕ್ರೊಮೀಟರ್ ಗಾತ್ರದ ಗಟ್ಟಿ ಕಾಳುಗಳಾಗಿ ಉಳಿಯುತ್ತದೆ. ಜೆಲ್ಲಿನೊಳಗೆ ಈ ಕಾಳುಗಳು ಜಾಗ ತುಂಬಿ ನಿಂತಾಗ ಒಳಗಿನ ಅಣುವಿಗೆ ನೇರ ದಾರಿ ಇರುವುದಿಲ್ಲ. ಜಾತ್ರೆಯ ಜನಸಂದಣಿಯಲ್ಲಿ ಹೊರಬರುವವನಂತೆ ಅದು ಸುತ್ತಿ ಬಳಸಿ ಬರಬೇಕು. ಎರಡನೆಯ ಲಾಭ ಮಣಿಯನ್ನು ಒಣಗಿಸುವಾಗ ಸಿಗುತ್ತದೆ. ಬರೀ ಆಲ್ಜಿನೇಟ್ ಮಣಿಯಲ್ಲಿ ಹೆಚ್ಚಿನಂಶ ನೀರೇ ಆದ್ದರಿಂದ ನೀರು ಹೋದಂತೆ ಅದು ಕುಗ್ಗಿ, ಮುದುಡಿ, ಆಕಾರಗೆಡುತ್ತದೆ. ಪಿಷ್ಟದ ಕಾಳುಗಳು ಒಳಗೆ ಆಧಾರವಾಗಿ ನಿಂತರೆ ಮಣಿ ದುಂಡಾಗಿಯೇ ಉಳಿಯುತ್ತದೆ. ಮೂರನೆಯದಾಗಿ, ಪಿಷ್ಟ ಅಗ್ಗ, ತಿನ್ನಲು ಯೋಗ್ಯ, ಎಲ್ಲೆಡೆ ಸಿಗುವಂಥದು. ಆದರೆ ಪಿಷ್ಟವನ್ನು ಅತಿಯಾಗಿ ತುಂಬಿದರೆ ಬಲೆ ಹೆಣೆಯುವ ಆಲ್ಜಿನೇಟಿಗೇ ಜಾಗ ಸಾಲದೆ ಮಣಿ ದುರ್ಬಲವಾಗುತ್ತದೆ. ಹನಿ ಬಿಡುವ ಸೂಜಿಯೂ ಕಟ್ಟಿಕೊಳ್ಳುತ್ತದೆ. ಹದ ಮುಖ್ಯ.

ಇನ್ನು ಈ ಮಣಿಯನ್ನು ನುಂಗಿದರೆ ಏನಾಗುತ್ತದೆ? ಜಠರದಲ್ಲಿ ಪ್ರಬಲ ಆಮ್ಲವಿದೆ. ಆಮ್ಲದಲ್ಲಿ ಆಲ್ಜಿನೇಟ್ ಕರಗುವುದಿಲ್ಲ, ಬದಲಿಗೆ ಆಲ್ಜಿನಿಕ್ ಆಮ್ಲವಾಗಿ ಬಿಗಿದುಕೊಳ್ಳುತ್ತದೆ. ಸಣ್ಣ ಕರುಳಿನಲ್ಲಿ ಆಮ್ಲತೆ ಇಳಿಯುತ್ತದೆ. ಅಲ್ಲಿನ ಸೋಡಿಯಂ, ಫಾಸ್ಫೇಟುಗಳು ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತವೆ. ಮೊಟ್ಟೆಗಳನ್ನು ತೆಗೆದ ಮೇಲೆ ತಟ್ಟೆಗಳು ಬಿಡಿಬಿಡಿಯಾಗುವಂತೆ ಸರಪಳಿಗಳು ಸಡಿಲಗೊಂಡು ಮಣಿ ಉಬ್ಬಿ ಒಡೆಯುತ್ತದೆ. ಪಿಷ್ಟವನ್ನು ಅಮೈಲೇಸ್ ಕಿಣ್ವ ಜೀರ್ಣಿಸುತ್ತದೆ. ಹೀಗೆ ಬೀಗವೂ ಬೀಗದ ಕೈಯೂ ನಮ್ಮ ಪಚನಾಂಗದಲ್ಲೇ ಇವೆ.

ನಮ್ಮ ನಾಡಿನ ಒಂದು ಹಣ್ಣನ್ನು ಇಟ್ಟುಕೊಂಡು ಈ ವಿದ್ಯೆಯ ಮಿತಿಯನ್ನೂ ಪರೀಕ್ಷಿಸೋಣ. ಉತ್ತರ ಕನ್ನಡದವರು ಮುರುಗಲು ಎನ್ನುವ, ಮಂಗಳೂರಿನ ಕಡೆ ಪುನರ್ಪುಳಿ ಎನ್ನುವ ಹಣ್ಣಿನ ಸಿಪ್ಪೆಯಲ್ಲಿ ಕೆಂಪು ಆಂಥೋಸಯನಿನ್ ತುಂಬಿದೆ. ಈ ಕೆಂಪು ನಿಲ್ಲುವುದು ಹುಳಿ ಇದ್ದಾಗ ಮಾತ್ರ. ಹುಳಿ ಕಡಿಮೆಯಾದಂತೆ ಬಣ್ಣ ಮಾಸುತ್ತದೆ. ಆದರೆ ಅಷ್ಟು ಹುಳಿ ಸಾರವನ್ನು ಸೋಡಿಯಂ ಆಲ್ಜಿನೇಟ್ ದ್ರಾವಣಕ್ಕೆ ಸುರಿದರೆ, ಹನಿ ಬಿಡುವ ಮೊದಲೇ ಇಡೀ ದ್ರಾವಣ ಗಂಟುಗಂಟಾಗಿ ಬಿಡುತ್ತದೆ. ಪಿಎಚ್ ಸುಮಾರು ಮೂರೂವರೆಗಿಂತ ಕೆಳಗಿಳಿದರೆ ಆಲ್ಜಿನೇಟಿನ ಗತಿ ಇದೇ. ಬಣ್ಣಕ್ಕೆ ಹುಳಿ ಬೇಕು, ಬಲೆಗೆ ಹುಳಿ ಬೇಡ! ಮೊದಲು ಖಾಲಿ ಮಣಿ ಮಾಡಿಕೊಂಡು, ಆಮೇಲೆ ಅದನ್ನು ಸಾರದಲ್ಲಿ ನೆನೆಸುವುದು ಒಂದು ಉಪಾಯ. ಆದರೆ ನೆನೆದು ಒಳಹೊಕ್ಕ ದಾರಿಯಲ್ಲೇ ಅದು ಹೊರಬರಲೂಬಹುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮುರುಗಲಿನ ಬಣ್ಣಕ್ಕೆ ಬೇರೆಯೇ ಮಾರ್ಗ ಹಿಡಿದರು. ಮಾಲ್ಟೊಡೆಕ್ಸ್‌ಟ್ರಿನ್ ಎಂಬ, ಪಿಷ್ಟದಿಂದಲೇ ಬರುವ ಪುಡಿಯ ಜೊತೆ ಸಾರವನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುವ ಆ ವಿಧಾನದ ಫಲಿತಾಂಶಗಳನ್ನು 2010ರ ಸುಮಾರಿಗೆ ಪ್ರಕಟಿಸಿದರು. ಎಲ್ಲ ರೋಗಕ್ಕೂ ಒಂದೇ ಮದ್ದಿಲ್ಲ. ಎಲ್ಲ ಸಾರಕ್ಕೂ ಒಂದೇ ಮಣಿಯಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಉಳಿಸುವ ವಿದ್ಯೆ. ಉಳಿಸಿಕೊಂಡದ್ದು ನಮಗೆ ಏನು ಮಾಡುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಬೆರೆಸಿಬಿಟ್ಟರೆ ಅಪಾಯವಿದೆ. ಪ್ರನಾಳದಲ್ಲಿ ನೇರಳೆ ಬಣ್ಣ ಹಳದಿಯಾದ ಮಾತ್ರಕ್ಕೆ ದೇಹದಲ್ಲಿ ರೋಗ ನಿಲ್ಲುತ್ತದೆ ಎಂದು ಹೇಳಲಾಗದು. ಇದಕ್ಕೆ ವಿಜ್ಞಾನದ ಚರಿತ್ರೆಯಲ್ಲೇ ಒಂದು ಕಹಿ ಪಾಠವಿದೆ. ತರಕಾರಿ, ಹಣ್ಣುಗಳಲ್ಲಿರುವ ಬೀಟಾ ಕ್ಯಾರೊಟಿನ್ ಒಳ್ಳೆಯ ಉತ್ಕರ್ಷಣ ನಿರೋಧಕ. ಅದನ್ನು ಮಾತ್ರೆಯಾಗಿ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಬಹುದೆಂದು ಎಣಿಸಿದರು. ಫಿನ್‌ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಆ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು! ಅಮೆರಿಕದಲ್ಲಿ ಧೂಮಪಾನಿಗಳಿಗೂ ಕಲ್ನಾರಿನ ಕೆಲಸಗಾರರಿಗೂ ಇದನ್ನು ವಿಟಮಿನ್ 'ಎ' ಜೊತೆಗೆ ಕೊಡುತ್ತಿದ್ದ ಮತ್ತೊಂದು ಪ್ರಯೋಗವನ್ನು 1996ರಲ್ಲಿ ಇದೇ ಕಾರಣಕ್ಕೆ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಆಹಾರಗಳಿಗೆ ಅವುಗಳ ಉತ್ಕರ್ಷಣ ನಿರೋಧಕ ಶಕ್ತಿಯ ಅಂಕಗಳನ್ನು ಕೊಟ್ಟಿದ್ದ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂದಕ್ಕೆ ಪಡೆಯಿತು. ಪ್ರನಾಳದ ಅಂಕ ದೇಹದ ಆರೋಗ್ಯಕ್ಕೆ ಅನ್ವಯಿಸುವುದಿಲ್ಲವೆಂಬುದು, ಆ ಅಂಕಗಳು ಜಾಹೀರಾತಿಗೆ ದುರುಪಯೋಗವಾಗುತ್ತಿವೆ ಎಂಬುದು ಅದು ನೀಡಿದ ಕಾರಣ.

ಹಾಗೆಂದು ಹಣ್ಣು ತರಕಾರಿ ತಿನ್ನಬೇಡಿ ಎಂದು ಇದರ ಅರ್ಥವಲ್ಲ. ಅವುಗಳಲ್ಲಿ ನಾರು, ಲವಣ, ಜೀವಸತ್ವ ಹೀಗೆ ನೂರಾರು ಅಂಶಗಳು ಒಟ್ಟಾಗಿವೆ. ಅದರಲ್ಲಿ ಒಂದನ್ನೇ ಹೆಕ್ಕಿ, ಗಾಢವಾಗಿಸಿ, ಕರುಳಿನವರೆಗೆ ಜೋಪಾನವಾಗಿ ತಲುಪಿಸುವಾಗ ನಮ್ಮ ಹೊಣೆ ಹೆಚ್ಚುತ್ತದೆ ಎಂದಷ್ಟೇ ಅರ್ಥ. ತಲುಪಿಸುವ ವಿದ್ಯೆ ಚೆನ್ನಾದಷ್ಟೂ, ಏನನ್ನು ಎಷ್ಟು ತಲುಪಿಸುತ್ತಿದ್ದೇವೆ ಎಂಬ ಪ್ರಶ್ನೆ ತೂಕದ್ದಾಗುತ್ತದೆ. ಆಹಾರ ಬೇಗ ಕಮಟದಂತೆ ನೋಡಿಕೊಳ್ಳುವುದು, ಸಸ್ಯದ ಬಣ್ಣವನ್ನು ಉಳಿಸುವುದು, ಕಷಾಯದ ಕಹಿಯನ್ನು ನಾಲಿಗೆಗೆ ತಾಗದಂತೆ ಮರೆಸುವುದು ಮಣಿಗೆ ಹೊಂದುವ ಕೆಲಸಗಳು. ಇವುಗಳ ಫಲವನ್ನು ಪ್ರಯೋಗಾಲಯದಲ್ಲಿ ನೇರವಾಗಿ ಅಳೆದು ನೋಡಬಹುದು.

ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ನೆರವಿನಿಂದ ನೀವೇ ಒಂದು ಪ್ರಯೋಗ ಮಾಡಬಹುದು. ಮುರುಗಲಿನ ಬದಲು ಬೀಟ್‌ರೂಟ್ ರಸ ತೆಗೆದುಕೊಳ್ಳಿ. ಅದರ ಕೆಂಪಿಗೆ ಅಷ್ಟು ಹುಳಿ ಬೇಕಿಲ್ಲ. ಆಲ್ಜಿನೇಟ್ ದ್ರಾವಣವನ್ನು ಎರಡು ಪಾಲು ಮಾಡಿ ಎರಡಕ್ಕೂ ಸಮನಾಗಿ ರಸ ಬೆರೆಸಿ. ಒಂದಕ್ಕೆ ಮಾತ್ರ ನೂರು ಮಿಲಿಲೀಟರಿಗೆ ಎರಡು ಗ್ರಾಮಿನಂತೆ ಕಾರ್ನ್‌ಫ್ಲೋರ್ ಸೇರಿಸಿ. ಎರಡರಿಂದಲೂ ಒಂದೇ ಗಾತ್ರದ ಮಣಿಗಳನ್ನು ಮಾಡಿ, ತೊಳೆದು, ಸಮ ಸಂಖ್ಯೆಯ ಮಣಿಗಳನ್ನು ಸಮ ಪ್ರಮಾಣದ ನೀರಿನಲ್ಲಿ ಬಿಡಿ. ಐದು ನಿಮಿಷಕ್ಕೊಮ್ಮೆ ನೀರಿನ ಬಣ್ಣವನ್ನು ಹೋಲಿಸಿ ಬರೆದುಕೊಳ್ಳಿ. ಒಂದು ಮಣಿಯನ್ನು ಸೀಳಿ ಅಯೋಡಿನ್ ಹನಿ ಹಾಕಿದರೆ ಪಿಷ್ಟವಿರುವುದು ಕಡುನೀಲಿಯಾಗಿ ಗುರುತು ಹೇಳುತ್ತದೆ. ಕೊನೆಗೆ ಎರಡೂ ಬಗೆಯ ಮಣಿಗಳನ್ನು ನೆರಳಿನಲ್ಲಿ ಒಣಗಿಸಿ ಆಕಾರ ನೋಡಿ. ಪ್ರಯೋಗಶಾಲೆಯಲ್ಲಿ ಮಾಡಿದ ಮಣಿಗಳನ್ನು ಮಾತ್ರ ಬಾಯಿಗೆ ಹಾಕಿಕೊಳ್ಳಬೇಡಿ.

ಮುಂದೊಂದು ದಿನ ಅಂಗಡಿಯಲ್ಲಿ ಆಂಟಿಆಕ್ಸಿಡೆಂಟ್ ಎಂಬ ದೊಡ್ಡ ಅಕ್ಷರಗಳ ಪೊಟ್ಟಣ ಕೈಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಒಳಗೆ ಹಾಕಿದ್ದರಲ್ಲಿ ಎಷ್ಟು ಉಳಿದಿದೆ? ಅದು ಎಲ್ಲಿ, ಯಾವಾಗ ಬಿಡುಗಡೆಯಾಗುತ್ತದೆ? ಅದರಿಂದ ಉಪಯೋಗವಿದೆಯೆಂದು ತೋರಿಸಿದ್ದು ಪ್ರನಾಳದಲ್ಲೋ ಮನುಷ್ಯರಲ್ಲೋ? ಮೊದಲ ಎರಡಕ್ಕೆ ಉತ್ತರ ಹುಡುಕುವುದು ರಸಾಯನವಿಜ್ಞಾನ. ಮೂರನೆಯದಕ್ಕೆ ಉತ್ತರ ಸಿಗುವವರೆಗೆ ಕಾಯುವುದು ವಿಜ್ಞಾನದ ಶಿಸ್ತು. ನಿಮ್ಮಲ್ಲಿ ಕೆಲವರಾದರೂ ಈ ಮೂರು ಪ್ರಶ್ನೆಗಳ ಬೆನ್ನು ಹತ್ತುವಂತಾಗಲಿ.